ತಮ್ಮನ ಬೇಸ್‌ಬಾಲ್ ಲೆಕ್ಕ: ಜಪಾನಿನ ಒಂದು ಬಂದರಿನಲ್ಲಿ ಒಂಬತ್ತು ದಿನ

ಹೊನ್ನಾವರ

ಜಪಾನಿಗೆ ಹೋಗಿ ಬಂದೆ ಎಂದು ಗೊತ್ತಾದವರೆಲ್ಲ ಮೊದಲು ಕೇಳುವುದು ಚೆರ್ರಿ ಹೂವಿನ ಬಗ್ಗೆ. ನಾನು ಹೋಗುವ ಹೊತ್ತಿಗೆ ಹೂವೆಲ್ಲ ಉದುರಿಹೋಗಿತ್ತು. ಬುಲೆಟ್ ರೈಲು ಹತ್ತಿದ್ದು ಒಂದೇ ಸಲ, ಅದರಲ್ಲೂ ನಿದ್ದೆ ಮಾಡಿಬಿಟ್ಟೆ. ಒಂಬತ್ತು ದಿನವನ್ನೂ ಮೀನಿನ ವಾಸನೆಯ ಒಂದು ಸಣ್ಣ ಬಂದರಿನ ಊರಿನಲ್ಲೇ ಕಳೆದೆ. ಆ ಊರಿನ ಹೆಸರು ಹೇಳುವುದಿಲ್ಲ. ನನ್ನ ತಮ್ಮ ಅಲ್ಲಿ ಇನ್ನೂ ಕೆಲಸದಲ್ಲಿದ್ದಾನೆ. ಬರೆಯಲೇ ಎಂದು ಅವನನ್ನು ಕೇಳಿದೆ. "ಬರಿ ಅಕ್ಕಾ, ಊರಿನ ಹೆಸ್ರೊಂದು ಬ್ಯಾಡ" ಎಂದ.

ತಮ್ಮ ಗಜಾನನ. ಮನೆಯಲ್ಲಿ ಗಜು. ನನಗಿಂತ ಹನ್ನೆರಡು ವರ್ಷ ಚಿಕ್ಕವನು. ನಮ್ಮದು ಶಿರಾಲಿ ಕಡೆಯ ಮೀನುಗಾರರ ಮನೆ. ಅಪ್ಪ ಭಟ್ಕಳ ಬಂದರಿನಿಂದ ದೋಣಿಗೆ ಹೋಗುತ್ತಿದ್ದ, ಅವ್ವಿ ಬುಟ್ಟಿ ಹೊತ್ತು ಮನೆಮನೆಗೆ ಮೀನು ಮಾರುತ್ತಿದ್ದಳು. ನಾನು ಓದಿ ಹೊನ್ನಾವರದ ಒಂದು ಪಿಯು ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸುವವಳಾದೆ. ಗಜುವಿಗೆ ಸರಾಸರಿ ಎಂದರೇನೆಂದು ಹೇಳಿಕೊಟ್ಟವಳೂ ನಾನೇ. ಅವನಾಗ ಐದನೇ ಇಯತ್ತೆ. ಅವ್ವಿಯ ಬುಟ್ಟಿಯ ಬಂಗಡೆಯನ್ನು ಜಗಲಿಯ ಮೇಲೆ ಸಾಲಾಗಿ ಇಟ್ಟು, ಪಟ್ಟಿಯಿಂದ ಅಳೆದು, ಕೂಡಿಸಿ, ಭಾಗಿಸಿ ಉತ್ತರ ಹೇಳಿದ್ದ. "ಮೀನು ಹಾಳಾತದೆ, ನಿಮ್ಮ ಲೆಕ್ಕ ಸುಡ್ಲಿ" ಎಂದು ಅವ್ವಿ ಬೈದಿದ್ದಳು.

ಗಜು ಕುಮಟೆಯಲ್ಲಿ ಬಿಕಾಂ ಮುಗಿಸಿದ, ಭಟ್ಕಳದ ಮಂಜುಗಡ್ಡೆ ಕಾರ್ಖಾನೆಯಲ್ಲಿ ಕೆಲವು ವರ್ಷ ಇದ್ದ. ನಮ್ಮ ಸುತ್ತಿನವರೆಲ್ಲ ದುಬೈ, ಮಸ್ಕತ್ ಎಂದು ಹೋದರೆ ಇವನು ಭಾಷೆ ಕಲಿತು, ಪರೀಕ್ಷೆ ಬರೆದು ಜಪಾನಿಗೆ ಹೋದ. ಮೀನು ಸೀಳಿ, ಉಪ್ಪು ಹಾಕಿ, ಪ್ಯಾಕ್ ಮಾಡುವ ಕಾರ್ಖಾನೆ. ಹೋಗಿ ನಾಲ್ಕು ವರ್ಷವಾಗಿದೆ, ಒಮ್ಮೆಯೂ ಊರಿಗೆ ಬಂದಿಲ್ಲ. ಹೋದ ಮಳೆಗಾಲದಲ್ಲಿ ಅವ್ವಿ ತೀರಿಕೊಂಡಾಗಲೂ ಬರಲಿಲ್ಲ. ರಜೆ ಕೊಡಲಿಲ್ಲ ಎಂದಿದ್ದ.

ಕುಮಟೆಯ ವಿನಾಯಕ ಎಂಬವನು ಅದೇ ಕಾರ್ಖಾನೆಯಲ್ಲಿ ಕೆಲಸ ಮಾಡಿ ಈ ಫೆಬ್ರವರಿಯಲ್ಲಿ ಊರಿಗೆ ಮರಳಿದ್ದ. ಒಂದು ದಿನ ನನ್ನನ್ನು ಹುಡುಕಿಕೊಂಡು ಕಾಲೇಜಿಗೇ ಬಂದ. ಸ್ಟಾಫ್ ರೂಮಿನ ಬಾಗಿಲಲ್ಲೇ ನಿಂತ, ಕೂರಲಿಲ್ಲ.

"ಮೇಡಂ, ಗಜಣ್ಣನ್ನ ಒಂದ್ಸಲ ಹೋಗಿ ನೋಡ್ಕಂಡು ಬನ್ನಿ."

"ಎಂತ ಆತು? ಹುಷಾರಿಲ್ವಾ?"

"ಮೈಗೆ ಎಂತದೂ ಆಗ್ಲಿಲ್ಲ. ಬೇಸ್‌ಬಾಲ್ ಆಟಕ್ಕೆ ದುಡ್ಡು ಕಟ್ತ. ಆಡ್ವವ್ರ ಲೆಕ್ಕ ತೆಗ್ದು, ಕಂಪ್ಯೂಟರ್ನಾಗೆ ಹಾಕಿ, ಫೋನಿನಾಗೆ ಕಟ್ತ. ದಿನಾ. ಉಳ್ದದ್ದು ನಾ ಹೇಳೂದಲ್ಲ ಮೇಡಂ. ಅವನೇ ಹೇಳ್ಬೇಕು."

ಒಮ್ಮೆ ವಿಡಿಯೋ ಕರೆಯಲ್ಲಿ ಗಜುವಿನ ಬೆನ್ನ ಹಿಂದೆ ಕಂಪ್ಯೂಟರಿನ ತುಂಬ ಅಂಕಿಗಳನ್ನು ನೋಡಿದ್ದೆ. ಏನೋ ಅದು ಎಂದು ಕೇಳಿದಾಗ, "ಬೇಸ್‌ಬಾಲ್ ಲೆಕ್ಕ ಅಕ್ಕಾ, ಸುಮ್ನೆ ಹೊತ್ತು ಹೋಗೂಕೆ" ಎಂದಿದ್ದ. ಅವತ್ತು ನನಗೆ ಖುಷಿಯೇ ಆಗಿತ್ತು. ತಮ್ಮ ಇನ್ನೂ ಲೆಕ್ಕ ಬಿಟ್ಟಿಲ್ಲವಲ್ಲ ಎಂದು.

ಏಪ್ರಿಲ್ ರಜೆ ಬಿದ್ದದ್ದೇ ಹೊರಟೆ. ಅವನನ್ನು ಕರೆದುಕೊಂಡೇ ಬರುವುದು ಎಂದು ಮನಸ್ಸಿನಲ್ಲಿತ್ತು.

ರೈಲು

ವಿಮಾನ ಇಳಿದು ಎರಡು ರೈಲು ಬದಲಿಸಬೇಕಿತ್ತು. ಎರಡನೆಯದು ಸಮುದ್ರದ ಪಕ್ಕದಲ್ಲೇ ಹೋಗುವ ಎರಡು ಡಬ್ಬಿಯ ಸಣ್ಣ ರೈಲು. ಸುರಂಗ, ಸೇತುವೆ, ಕೆಳಗೆ ಹಿನ್ನೀರು, ಮತ್ತೆ ಸುರಂಗ. ಹೊನ್ನಾವರದಿಂದ ಕುಮಟೆಗೆ ಹೋದ ಹಾಗೇ ಇತ್ತು. ಆದರೆ ಒಳಗೆ ಯಾರೂ ಮಾತಾಡುತ್ತಿರಲಿಲ್ಲ.

ಅಷ್ಟರಲ್ಲಿ ನನ್ನ ಫೋನು ದೊಡ್ಡ ದನಿಯಲ್ಲಿ ಹೊಡೆದುಕೊಂಡಿತು. ನಮ್ಮನೆಯವರು. ಮುಟ್ಟಿದೆಯಾ, ಊಟವಾಯಿತಾ ಎಂದು ಕೇಳಲು ಮಾಡಿದ್ದರು. ನಾನು ಬಂದರಿನ ಹೆಂಗಸಿನ ಮಗಳು. ಗಾಳಿ, ಅಲೆ, ಇಂಜಿನ್ನಿನ ಸದ್ದನ್ನು ಮೀರಿ ಮಾತಾಡಿ ರೂಢಿಯಾದ ಗಂಟಲು. "ಹಾಂ, ಬಂದೆ! ಅನ್ನ ಸಿಕ್ತು! ಮೀನೂ ಸಿಕ್ತು!" ಎಂದು ಕೂಗಿದೆ. ಡಬ್ಬಿಯ ಜನ ಯಾರೂ ನನ್ನನ್ನು ನೋಡಲಿಲ್ಲ. ಎಲ್ಲರೂ ಒಟ್ಟಿಗೆ ತಮ್ಮ ಮೊಣಕಾಲು ನೋಡಿಕೊಂಡರು. ಎದುರಿಗಿದ್ದ ಮುದುಕರೊಬ್ಬರು ಕಿಟಕಿಯ ಮೇಲಿನ ಚಿತ್ರವೊಂದನ್ನು ಮೆಲ್ಲಗೆ ತೋರಿಸಿದರು. ಫೋನಿನ ಚಿತ್ರ, ಅದರ ಮೇಲೊಂದು ಅಡ್ಡಗೆರೆ. ತೋರಿಸಿದ್ದಕ್ಕೆ ಅವರೇ ನನ್ನ ಕ್ಷಮೆ ಕೇಳುವವರಂತೆ ತಲೆ ಬಗ್ಗಿಸಿದರು. ನಮ್ಮ ಬಸ್ಸಿನಲ್ಲಾಗಿದ್ದರೆ ಪಕ್ಕದವರು ಯಾವ ಮೀನು ಎಂದು ಕೇಳಿರುತ್ತಿದ್ದರು.

ನಿಲ್ದಾಣದಲ್ಲಿ ಗಜು ನಿಂತಿದ್ದ. ತೆಳ್ಳಗಾಗಿದ್ದ. ಕಿವಿಯ ಹತ್ತಿರ ಕೂದಲು ಬೆಳ್ಳಗಾಗಿತ್ತು. ನನ್ನ ಕಾಲು ಮುಟ್ಟಲು ಬಗ್ಗಿದವನು ಅರ್ಧಕ್ಕೇ ನಿಂತು, ಅಲ್ಲಿಯವರ ಹಾಗೆ ಸೊಂಟ ಬಗ್ಗಿಸಿ, ಆಮೇಲೆ ಏನು ಮಾಡುವುದೆಂದು ತಿಳಿಯದೆ ನನ್ನ ಚೀಲ ಎತ್ತಿಕೊಂಡ.

"ಭಾರ ಅದೆಯಲ್ಲೆ. ಎಂತ ತಂದಿ?"

"ಒಣ ಸೀಗಡಿ, ಮುರುಗಲ ಹುಳಿ. ನಿನಗೆ."

ಅವನು ಚೀಲವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದ.

ಬಂದರಿನ ಊರು

ಅವನ ಪರಿಚಯದ ಅಜ್ಜಿಯೊಬ್ಬಳ ಮನೆಯ ಮಹಡಿಯಲ್ಲಿ ನನಗೆ ಕೋಣೆ ಗೊತ್ತುಮಾಡಿದ್ದ. ಕಾರ್ಖಾನೆಯವರು ಕೊಟ್ಟ ಅವನ ಕೋಣೆ ಎರಡು ಬೀದಿ ಆಚೆ. ಹಗಲು ಅವನು ಕೆಲಸಕ್ಕೆ ಹೋಗುತ್ತಿದ್ದ, ನಾನು ಊರು ಸುತ್ತುತ್ತಿದ್ದೆ.

ಊರು ಭಟ್ಕಳ ಬಂದರಿನಷ್ಟೇ ದೊಡ್ಡದು. ದೋಣಿ, ಬಲೆ, ಬೆಕ್ಕು, ಗಿಡುಗ, ಎಲ್ಲ ಇದ್ದವು. ಇಲ್ಲದಿದ್ದದ್ದು ಗಲಾಟೆ. ಮೀನಿನ ಹರಾಜು ಕೂಡ ಗಂಟೆಯ ಒಂದು ಬಡಿತ, ನಾಲ್ಕು ಕೂಗು, ಬೆರಳ ಸನ್ನೆಗಳಲ್ಲಿ ಮುಗಿದುಹೋಗುತ್ತಿತ್ತು. ಹೆಂಗಸರು ಯಾರೂ ಬುಟ್ಟಿ ಹಿಡಿದು ಮುನ್ನುಗ್ಗುತ್ತಿರಲಿಲ್ಲ. ಅಲ್ಲಿಯ ಬಂಗಡೆ ನಮ್ಮದಕ್ಕಿಂತ ಉದ್ದ, ಕೊಬ್ಬು ಜಾಸ್ತಿ, ಬೆನ್ನ ಮೇಲೆ ಅಲೆಯಲೆ ಗೆರೆ. ಅದನ್ನು ಉಪ್ಪು ಹಚ್ಚಿ ಸುಡುತ್ತಾರೆ, ಅಷ್ಟೆ. ಮೆಣಸಿಲ್ಲ, ಹುಳಿಯಿಲ್ಲ. ಮೊದಲ ದಿನ ಸಪ್ಪೆಯೆನಿಸಿತು, ನಾಲ್ಕನೇ ದಿನ ಮೀನಿನದೇ ರುಚಿ ತಿಳಿಯತೊಡಗಿತು. ಬೀದಿಯ ಯಂತ್ರದಲ್ಲಿ ಬಿಸಿ ಕಾಫಿ ಎಂದು ಗುಂಡಿ ಒತ್ತಿದರೆ ಡಬ್ಬಿಯಲ್ಲಿ ಜೋಳದ ಸಾರು ಬಂತು. ಅದನ್ನೂ ಕುಡಿದೆ.

ಎರಡನೇ ದಿನ ಸಂಜೆ ಐದಕ್ಕೆ ಕಂಬದ ಮೇಲಿನ ಧ್ವನಿವರ್ಧಕಗಳೆಲ್ಲ ಒಟ್ಟಿಗೆ ಯಾವುದೋ ರಾಗ ನುಡಿಸತೊಡಗಿದವು. ರಸ್ತೆಯಲ್ಲಿದ್ದ ನನಗೆ ಜೀವ ಹೋದ ಹಾಗಾಯಿತು. ಅಲ್ಲಿ ಗೋಡೆಗೋಡೆಗೂ ಸುನಾಮಿ ಬಂದರೆ ಎತ್ತ ಓಡಬೇಕೆಂದು ಬಾಣದ ಗುರುತಿದೆ. ನಾನು ಬಾಣ ಹಿಡಿದು ಗುಡ್ಡದ ಮೆಟ್ಟಿಲು ಅರ್ಧ ಹತ್ತಿದೆ. ಮೇಲಿನಿಂದ ಇಳಿಯುತ್ತಿದ್ದ ಹೆಂಗಸೊಬ್ಬಳು ತರಕಾರಿ ಚೀಲ ಹಿಡಿದು ಆರಾಮವಾಗಿ ನನಗೆ ವಂದಿಸಿದಳು. ಆಮೇಲೆ ಗಜು ಹೇಳಿದ: "ದಿನಾ ಐದು ಗಂಟೆಗೆ ಬಾರಿಸ್ತರೆ ಅಕ್ಕಾ. ಮನೆಗೆ ಹೋಗೂ ಹೊತ್ತಾತು ಅಂತ."

ಹೇಳಿ ನಕ್ಕ. ಆ ನಗು ಮಾತ್ರ ಹಳೆಯ ಗಜುವಿನದು.

ಬೇಸ್‌ಬಾಲ್ ಬಗ್ಗೆ ರಾತ್ರಿ ಊಟಕ್ಕೆ ಕೂತಾಗ ನಾನೇ ಕೇಳಿದೆ. ಅಡಗಿಸುತ್ತಾನೆ ಎಂದುಕೊಂಡಿದ್ದೆ. ಬದಲಿಗೆ ಅವನ ಮುಖ ಅರಳಿತು. ಅಮೆರಿಕದ ಆಟವಂತೆ. ಅಲ್ಲಿಯ ಸಂಜೆ ಇಲ್ಲಿಯ ಬೆಳಗು. ಒಂದೊಂದು ತಂಡ ವರ್ಷಕ್ಕೆ ನೂರಾ ಅರವತ್ತಕ್ಕೂ ಹೆಚ್ಚು ಪಂದ್ಯ ಆಡುತ್ತದಂತೆ. ಎಸೆದ ಪ್ರತಿ ಚೆಂಡಿನ ವೇಗ, ಅದು ಎಷ್ಟು ಸುತ್ತು ತಿರುಗಿತು, ಬ್ಯಾಟಿಗೆ ತಾಗಿ ಯಾವ ಕೋನದಲ್ಲಿ ಹಾರಿತು, ಎಲ್ಲವೂ ಅಂತರ್ಜಾಲದಲ್ಲಿ ಪುಕ್ಕಟೆ ಸಿಗುತ್ತದಂತೆ.

"ಕ್ರಿಕೆಟ್ ಎಂತಕೆ ಅಲ್ಲ?" ಎಂದೆ.

"ಕ್ರಿಕೆಟ್‌ನಾಗೆ ಟಾಸು, ಪಿಚ್ಚು, ಇಬ್ಬನಿ. ಲೆಕ್ಕಕ್ಕೆ ಸಿಕ್ಕೂದಿಲ್ಲ. ಇದ್ರಾಗೆ ಹಂಗಲ್ಲ ಅಕ್ಕಾ. ಒಬ್ಬ ಎಸೀತ, ಒಬ್ಬ ಹೊಡೀತ. ಎಡಗೈಯವ್ನಿಗೆ ಎಸ್ದ್ರೆ ಎಷ್ಟು, ಬಲಗೈಯವ್ನಿಗೆ ಎಷ್ಟು, ಗಾಳಿ ಹೊರಗೆ ಬೀಸಿದ್ರೆ ಎಷ್ಟು, ಎಲ್ಲಾ ಬರ್ದಿಟ್ಟಿರ್ತರೆ. ದುಡ್ಡು ಕಟ್ಟಿಸ್ಕಣೂ ಹತ್ತು ಕಂಪನಿ, ಗೆದ್ರೆ ಎಷ್ಟು ಕೊಡೂದು ಅಂತ ಹತ್ತು ದರ ಹೇಳ್ತವೆ. ಯಾವ್ದು ತಪ್ಪು ದರ ಹೇಳ್ತದೆ ಅಂತ ಹುಡ್ಕಿ ಕೊಡೂಕೆ ಒಂದು ಆ್ಯಪ್ ಅದೆ. ಎಷ್ಟು ಕಟ್ಟೂದು ಅಂತ ಹೇಳೂಕೂ ಸೂತ್ರ ಅದೆ. ಜೂಜಲ್ಲ ಇದು. ನಿನ್ನ ಸಬ್ಜೆಕ್ಟೇ."

ನಿನ್ನ ಸಬ್ಜೆಕ್ಟೇ ಎಂದಾಗ ಅವನ ದನಿಯಲ್ಲಿ ಹೆಮ್ಮೆಯಿತ್ತು. ನನಗೆ ಅನ್ನದ ಬಟ್ಟಲು ಕೆಳಗಿಡಬೇಕಾಯಿತು.

ಕಾರ್ಖಾನೆ

ಬುಧವಾರ ಕಾರ್ಖಾನೆಯವರು ನನ್ನನ್ನು ಚಹಕ್ಕೆ ಕರೆದರು. ಊರಿನಿಂದ ಅಕ್ಕ ಬಂದಿದ್ದಾಳೆ ಎಂದು ಗಜುವಿನ ಸಾಲಿನ ಮೇಲ್ವಿಚಾರಕಿಯೇ ಹೇಳಿ ಕಳಿಸಿದ್ದರು. ಯಮಾದಾ ಎಂದು ಅವರ ಹೆಸರು. ಅರವತ್ತು ದಾಟಿದ ಗಿಡ್ಡ ಹೆಂಗಸು, ಬಿಳಿ ಟೊಪ್ಪಿ, ಮೊಣಕೈವರೆಗಿನ ರಬ್ಬರ್ ಬೂಟಿನಂಥ ಕೈಗವಸು. ನನ್ನನ್ನು ನೋಡಿದ್ದೇ ಕೈಗವಸು ತೆಗೆದು, ಎರಡೂ ಕೈಯಿಂದ ನನ್ನ ಕೈ ಹಿಡಿದರು. ಉಪ್ಪುನೀರಿನಲ್ಲಿ ಬಿರಿದ ಬೆರಳು. ಅವ್ವಿಯ ಬೆರಳೂ ಹೀಗೇ ಇದ್ದವು.

ಗಜು ಬಟ್ಟೆ ಬದಲಿಸಲು ಹೋಗಿದ್ದ. ನಾವಿಬ್ಬರೇ ಕೂತೆವು. ಅವರು ತಮ್ಮ ಫೋನಿಗೆ ಜಪಾನಿಯಲ್ಲಿ ಏನೋ ಹೇಳಿದರು. ಫೋನು ಅದನ್ನು ಕನ್ನಡ ಮಾಡಿ ಓದಿತು. ಆಕಾಶವಾಣಿಯ ವಾರ್ತೆ ಓದುವವರ ಹಾಗೆ, ಏರಿಳಿತವಿಲ್ಲದೆ:

"ನಿಮ್ಮ ಪೂಜ್ಯ ತಾಯಿಯವರ ನಿಧನಕ್ಕಾಗಿ ನಾವು ದುಃಖಿಸುತ್ತೇವೆ. ಅಂತ್ಯಕ್ರಿಯೆಗೆ ಗಜು ಅವರು ಸಕಾಲದಲ್ಲಿ ತಲುಪಿದರು ಎಂದು ಕೇಳಿ ನಮಗೆ ಸಮಾಧಾನವಾಯಿತು."

ನನಗೆ ಅರ್ಥವಾಗಲಿಲ್ಲ. ಯಂತ್ರ ತಪ್ಪು ಓದಿತು ಎಂದುಕೊಂಡೆ. ಅವರು ಮತ್ತೆ ಮಾತಾಡಿದರು, ಫೋನು ಮತ್ತೆ ಓದಿತು.

"ಹತ್ತು ದಿನ ಕಡಿಮೆಯಾಯಿತು. ಇನ್ನೂ ಹೆಚ್ಚು ರಜೆ ಕೊಡಬೇಕಿತ್ತು. ಅವರು ಹಿಂದಿರುಗಿದಾಗ ಬಹಳ ಸೊರಗಿದ್ದರು. ನಾವು ಎಲ್ಲರೂ ಸೇರಿ ಧೂಪ ಹಚ್ಚಿದೆವು."

ಗೋಡೆಯ ಕಡೆ ಕೈ ತೋರಿಸಿದರು. ಗಡಿಯಾರದ ಕೆಳಗೆ ಸಣ್ಣ ಕಪಾಟು, ಅದರಲ್ಲೊಂದು ಬೂದಿಯ ಬಟ್ಟಲು. ಕಾರ್ಖಾನೆಯ ಮಂದಿಯಲ್ಲಿ ಯಾರ ಮನೆಯಲ್ಲಿ ಸಾವಾದರೂ ಅಲ್ಲಿ ಧೂಪ ಹಚ್ಚುತ್ತಾರಂತೆ, ಪ್ರತಿಯೊಬ್ಬರೂ ಲಕೋಟೆಯಲ್ಲಿ ಒಂದಿಷ್ಟು ದುಡ್ಡಿಟ್ಟು ಸತ್ತವರ ಮನೆಯವರಿಗೆ ಕೊಡುತ್ತಾರಂತೆ. ಗಜುವಿಗೂ ಕೊಟ್ಟಿದ್ದರು.

ಅವನಿಗೆ ರಜೆ ಸಿಕ್ಕಿತ್ತು. ಹತ್ತು ದಿನ ಸಿಕ್ಕಿತ್ತು. ಅವನು ಊರಿಗೆ ಹೋಗಿ ಅವ್ವಿಗೆ ಬೆಂಕಿ ಕೊಟ್ಟು ಬಂದ ಎಂದು ಇವರೆಲ್ಲ ತಿಳಿದಿದ್ದರು.

ತಲೆ ಎತ್ತಿದಾಗ ಗಜು ಬಾಗಿಲಲ್ಲಿ ನಿಂತಿದ್ದ. ಫೋನಿನ ಕನ್ನಡ ಅವನಿಗೆ ಕೇಳಿಸಿತ್ತು.

ಯಮಾದಾ ನನ್ನ ಉತ್ತರಕ್ಕಾಗಿ ಫೋನನ್ನು ನನ್ನ ಬಾಯಿಯ ಹತ್ತಿರ ಹಿಡಿದಿದ್ದರು. ನಾನು ಹೇಳಿದೆ: "ಹೌದು. ಬಂದಿದ್ದ. ಸರಿಯಾದ ಹೊತ್ತಿಗೆ ಬಂದ. ನಿಮ್ಮೆಲ್ಲರಿಗೆ ನಮಸ್ಕಾರ."

ನನ್ನ ಜೀವಮಾನದಲ್ಲಿ ಅಷ್ಟು ಸ್ಪಷ್ಟವಾಗಿ ನಾನು ಸುಳ್ಳು ಹೇಳಿಲ್ಲ. ಫೋನು ಅದನ್ನು ಜಪಾನಿ ಮಾಡಿ ಹೇಳಿತು. ಆ ಹೆಂಗಸು ಕಣ್ಣು ಒರೆಸಿಕೊಂಡು ನನಗೆ ಚಹಾ ಬಗ್ಗಿಸಿದರು.

ದಾರಿಯಲ್ಲಿ ನಾವಿಬ್ಬರೂ ಮಾತಾಡಲಿಲ್ಲ. ಗುರುವಾರ, ಶುಕ್ರವಾರವೂ ಮಾತಿಲ್ಲ. ಅವನು ಕೆಲಸ ಮುಗಿಸಿ ಬಂದು ನನ್ನ ಬಾಗಿಲ ಹೊರಗೆ ಊಟದ ಡಬ್ಬಿ ಇಟ್ಟು ಹೋಗುತ್ತಿದ್ದ.

ನಗರ, ನಿಲ್ದಾಣದ ಎದುರು

ಶನಿವಾರ ಬೆಳಿಗ್ಗೆ ಬಂದು, "ಬಾ ಅಕ್ಕಾ, ತೋರಿಸ್ತೆ" ಎಂದ. ರೈಲಿನಲ್ಲಿ ಒಂದೂವರೆ ಗಂಟೆ. ನಗರದ ದೊಡ್ಡ ನಿಲ್ದಾಣ. ವಿಮಾನ ನಿಲ್ದಾಣದ ಬಸ್ಸು ಹೊರಡುವುದು ಅಲ್ಲಿಂದಲೇ. ಎದುರಿನ ಕಟ್ಟಡದ ಐದನೇ ಮಹಡಿಯಲ್ಲಿ ಕಂಪ್ಯೂಟರ್ ಸೆಂಟರು. ನಮ್ಮಲ್ಲಿಯ ಹಾಗಲ್ಲ. ಹಲಗೆ ಅಡ್ಡ ಇಟ್ಟು ಮಾಡಿದ ನೂರಾರು ಗೂಡು. ಒಂದೊಂದರಲ್ಲಿ ಒಂದು ಕಂಪ್ಯೂಟರು, ಮಲಗುವಷ್ಟು ಚಾಪೆ, ಒಂದು ಹೊದಿಕೆ. ಚಹಾ ಪುಕ್ಕಟೆ, ಸ್ನಾನಕ್ಕೂ ವ್ಯವಸ್ಥೆಯಿದೆ. ಪ್ರತಿ ಗೂಡಿನ ಹೊರಗೂ ಒಂದು ಜೊತೆ ಚಪ್ಪಲಿ. ಅಷ್ಟು ಜೊತೆ ಚಪ್ಪಲಿ, ಆದರೂ ಒಂದು ಕೆಮ್ಮೂ ಕೇಳಿಸುವುದಿಲ್ಲ.

ಖಾಲಿಯಿದ್ದ ಒಂದು ಗೂಡಿನ ಒಳಗೆ ನಾನು ಕೂತೆ, ಅವನು ಹೊರಗೆ ಮೊಣಕಾಲೂರಿ ಕೂತ. ಪಿಸುಮಾತಿನಲ್ಲಿ ಹೇಳಿದ.

"ಅವ್ವಿಗೆ ಕಾಯಿಲೆ ಜೋರಾಗಿ ಅದೆ ಅಂತ ನೀ ಫೋನ್ ಮಾಡಿದ್ಯಲ್ಲ, ಅವತ್ತೇ ರಜೆ ಕೇಳ್ದೆ. ಕೊಟ್ರು. ಟಿಕೆಟೂ ತೆಗ್ದೆ. ಬಸ್ಸಿಗೆ ಮೂರು ತಾಸು ಇತ್ತು. ಕೂರೂಕೆ ಜಾಗ ಬೇಕಿತ್ತು, ಇಲ್ಲಿ ಬಂದೆ. ಒಂದು ಪಂದ್ಯ ನೋಡ್ವಾ ಅಂದ್ಕಂಡೆ."

"ಆಮೇಲೆ?"

"ಸೋತೆ. ಅದನ್ನ ಸರಿ ಮಾಡಿ ಹೋಗ್ವಾ ಅಂದ್ಕಂಡೆ. ಬಸ್ಸು ಹೋತು. ನಾಳೆ ಹೋಗ್ವಾ ಅಂದ್ಕಂಡೆ. ಟಿಕೆಟ್ ಮುಂದೆ ಹಾಕ್ದೆ. ಆಮೇಲೆ ಟಿಕೆಟ್ ವಾಪಸ್ ಕೊಟ್ಟು ಆ ದುಡ್ಡನ್ನೂ ಕಟ್ದೆ."

"ಹತ್ತು ದಿನವೂ ಇಲ್ಲೇ?"

"ಇಲ್ಲೇ."

ಬೈಯಬೇಕೆಂದು ನಾನು ಎರಡು ದಿನದಿಂದ ಮಾತು ಕೂಡಿಸಿಟ್ಟಿದ್ದೆ. ಆ ಗೂಡಿನಲ್ಲಿ ಕೂತಾಗ ಒಂದೂ ಬರಲಿಲ್ಲ. ಕಾಲು ಚಾಚಿದರೆ ಎದುರಿನ ಹಲಗೆಗೆ ತಾಗುತ್ತಿತ್ತು. ಅವ್ವಿ ಹೊನ್ನಾವರದ ಆಸ್ಪತ್ರೆಯಲ್ಲಿ ಮಂಚದ ಪಕ್ಕದ ಕಿಟಕಿ ನೋಡುತ್ತ ಮಲಗಿದ್ದಾಗ ಇವನು ಇಷ್ಟು ಜಾಗದಲ್ಲಿ, ಇಷ್ಟು ಹತ್ತಿರದಲ್ಲಿ ಬಸ್ಸಿದ್ದೂ, ಕೂತಿದ್ದ.

ಭಾನುವಾರ, ಗಜುವಿನ ಕೋಣೆ

ಬೆಳಿಗ್ಗೆ ಅವನ ಕೋಣೆಗೆ ಹೋದೆ. ಚೊಕ್ಕಟವಾಗಿತ್ತು. ಚಾಪೆ, ಒಂದು ಗಿಡ್ಡ ಮೇಜು, ಲ್ಯಾಪ್‌ಟಾಪ್. ಅವ್ವಿಯ ಫೋಟೋ ಕಾಣಲಿಲ್ಲ, ನಾನೂ ಕೇಳಲಿಲ್ಲ.

"ಅಕ್ಕಾ, ಒಂದ್ಸಲ ನೀನೇ ನೋಡು" ಎಂದ. "ಎಲ್ಲಿ ತಪ್ಪಾತದೆ ಹೇಳು. ನಂಗೆ ಸಿಕ್ತಿಲ್ಲ. ಇದು ಸರಿ ಅದೆ ಅಂತ ನೀ ಹೇಳಿದ್ರೆ ಸಾಕು."

ಅವನಿಗೆ ಬೇಕಾದದ್ದು ಆ ಕೊನೆಯ ಮಾತು. ಅದಕ್ಕಾಗಿಯೇ ನನ್ನನ್ನು ಬರಬೇಡ ಅನ್ನದೆ ಬರಗೊಟ್ಟಿದ್ದ ಎಂದು ಆಗ ತಿಳಿಯಿತು.

ಎರಡು ತಾಸು ನೋಡಿದೆ. ಹೇಳಲು ಸಂಕಟವಾಗುತ್ತದೆ, ಆದರೆ ನಿಜ ಹೇಳಬೇಕು: ನನ್ನ ಇಷ್ಟು ವರ್ಷದ ವಿದ್ಯಾರ್ಥಿಗಳಲ್ಲಿ ಅಷ್ಟು ಚೆಂದದ ಕೆಲಸ ಮಾಡಿದವರಿಲ್ಲ. ಒಬ್ಬೊಬ್ಬ ಎಸೆತಗಾರನಿಗೂ ಒಂದೊಂದು ಹಾಳೆ. ಕೊನೆಯ ಮೂವತ್ತು ದಿನದ ಸರಾಸರಿ, ಇಡೀ ವರ್ಷದ ಸರಾಸರಿ, ಎರಡರ ನಡುವಿನ ತೂಕ. ಮೈದಾನದ ಅಳತೆ. ಗಾಳಿ. ಯಾರು ವಿಶ್ರಾಂತಿಯಿಲ್ಲದೆ ಪ್ರಯಾಣ ಮಾಡಿ ಬಂದವರು. ಹಳೆಯ ಎರಡು ವರ್ಷದ ಪಂದ್ಯಗಳಿಗೆ ಇದನ್ನು ಹಚ್ಚಿದರೆ ಗಳಿಕೆಯ ಗೆರೆ ಏರುತ್ತ ಏರುತ್ತ ಹೋಗುತ್ತಿತ್ತು.

"ಈ ಸೂತ್ರ ಮಾಡಿದ್ದು ಯಾವ ವರ್ಷದ ಪಂದ್ಯ ನೋಡಿ?" ಎಂದೆ.

"ಈ ಹಳೇ ಎರಡು ವರ್ಷದ್ದೇ."

"ಎಷ್ಟು ತರದ ಸೂತ್ರ ಮಾಡಿ ನೋಡ್ದೆ?"

"ಎಷ್ಟೋ. ಮುನ್ನೂರು ನಾನೂರು ಆಗಿರ್ಬಹುದು. ಗೆಲ್ಲೂದನ್ನ ಇಟ್ಕಂಡೆ."

"ಪರೀಕ್ಷೆ ಮಾಡಿದ್ದು?"

ಅವನು ಹಾಳೆಯನ್ನು ಮೇಲಕ್ಕೆ ಕೆಳಕ್ಕೆ ಸರಿಸಿ ನೋಡಿದ. ಆಮೇಲೆ ಹೇಳಿದ: "ಅದೇ ಎರಡು ವರ್ಷದ ಮೇಲೆ."

ನಾನು ಅವನಿಗೆ ಪಾಠದ ಭಾಷೆಯಲ್ಲಿ ಹೇಳಲಿಲ್ಲ. "ಗಜೂ, ನಿನ್ನೆ ಸಿಕ್ಕಿದ ಬಂಗಡೆ ಅಳೆದು, ಅದರ ಅಳತೆಗೇ ಬಲೆಯ ಕಣ್ಣು ಹೆಣೆದೆ ಅಂತ ಇಟ್ಕೋ. ಆಮೇಲೆ ಅದೇ ನಿನ್ನೆಯ ಬಂಗಡೆಯನ್ನ ಅದ್ರಾಗೆ ಸುರ್ದು, ನೋಡಿ, ಒಂದೂ ತಪ್ಪಿಸ್ಕಣ್ಲಿಲ್ಲ ಅಂದ್ರೆ ಎಂತ ಅರ್ಥ?"

ಅಪ್ಪನ ಜೊತೆ ಬಲೆ ಹೆಣೆದವನು. ಎರಡನೇ ಸಲ ಹೇಳಬೇಕಾಗಲಿಲ್ಲ. ಆದರೂ ನಾವು ಮಾಡಿ ನೋಡಿದೆವು. ಸೂತ್ರ ಕಾಣದೇ ಇದ್ದ ಕಳೆದ ವರ್ಷದ ಪಂದ್ಯಗಳನ್ನು ಬೇರೆ ಹಾಳೆಗೆ ಇಳಿಸಿ, ಅದೇ ಸೂತ್ರ ಹಚ್ಚಿದೆವು. ಗೆರೆ ಸ್ವಲ್ಪ ದೂರ ಸಪಾಟಾಗಿ ಹೋಗಿ, ಆಮೇಲೆ ಇಳಿಯಿತು. ಇಳಿಯುತ್ತಲೇ ಹೋಯಿತು. ಕಂಪನಿಯವರು ಪ್ರತಿ ದರದಲ್ಲೂ ತಮ್ಮ ಪಾಲು ಮೊದಲೇ ಇಟ್ಟುಕೊಂಡಿರುತ್ತಾರೆ. ಅದನ್ನು ಕಳೆದರೆ ಇನ್ನೂ ಇಳಿಯಿತು.

ಸುಳ್ಳು ಹೇಳಬಹುದಿತ್ತು. ಬುಧವಾರ ಹೇಳಿದ್ದೆ. ಅವನ ಕಣ್ಣು ನೋಡಿದಾಗ ಇನ್ನೊಮ್ಮೆ ಹೇಳಿಬಿಡಲೇ ಎನಿಸಿತು. ಆದರೆ ಇದು ನನಗೆ ಬರುವ ಒಂದೇ ವಿದ್ಯೆ.

"ಇದ್ರಾಗೆ ಎಂತದೂ ಇಲ್ಲ, ಗಜೂ. ಮೊದಲಿಂದಲೂ ಇರಲಿಲ್ಲ."

ಅವನು ತುಂಬ ಹೊತ್ತು ಆ ಗೆರೆಯನ್ನೇ ನೋಡಿದ. "ನಾಲ್ಕು ವರ್ಷ ಅಕ್ಕಾ" ಎಂದ. ಲ್ಯಾಪ್‌ಟಾಪ್ ಮುಚ್ಚಲಿಲ್ಲ. ಅದು ತಾನಾಗಿ ಕಪ್ಪಾಗುವ ತನಕ ಕೂತಿದ್ದ.

ಹೊಳೆಯ ಬದಿಯ ಬಯಲು

ಕೋಣೆಯಲ್ಲಿ ಕೂರಲಾಗದೆ ಹೊರಗೆ ಬಂದೆವು. ಹೊಳೆ ಸಮುದ್ರ ಸೇರುವ ಕಡೆ ಒಂದು ಬಯಲಿದೆ. ಅಲ್ಲಿ ಭಾನುವಾರ ಊರಿನ ಮುದುಕರು ಬೇಸ್‌ಬಾಲ್ ಆಡುತ್ತಾರೆ. ಅಂಗಡಿಯವರು, ದೋಣಿಯವರು, ನಿವೃತ್ತರಾದವರು. ತೊಳೆದು ಇಸ್ತ್ರಿ ಮಾಡಿದ ಸಮವಸ್ತ್ರ, ಬೆನ್ನ ಮೇಲೆ ಸಂಖ್ಯೆ. ಒಬ್ಬರು ಬೀಸಿ ಹೊಡೆದು ಓಡಲಾಗದೆ ಅರ್ಧ ದಾರಿಯಲ್ಲಿ ಸೊಂಟ ಹಿಡಿದು ನಿಂತರೆ, ಎದುರು ತಂಡದವರೇ ಹೋಗಿ ಬೆನ್ನು ಉಜ್ಜುತ್ತಿದ್ದರು. ಆಟ ಶುರುವಾಗುವ ಮೊದಲು ಬಯಲಿಗೂ ತಲೆ ಬಗ್ಗಿಸಿ ವಂದಿಸಿದರು. ನಮ್ಮ ಯಕ್ಷಗಾನದವರು ರಂಗಸ್ಥಳ ಮುಟ್ಟಿ ಕಣ್ಣಿಗೊತ್ತಿಕೊಳ್ಳುವ ಹಾಗೆ.

"ಇಲ್ಲಿ ಪ್ರತಿ ವಾರ ನೋಡೂಕೆ ಬತ್ಯಾ?" ಎಂದೆ.

"ಇಲ್ಲ. ಇದೇ ಮೊದ್ಲು."

ತಪ್ಪಿ ಹೊಡೆದ ಚೆಂಡೊಂದು ಉರುಳಿ ನಮ್ಮ ಬೆಂಚಿನ ಹತ್ತಿರ ಬಂತು. ಗಜು ಎತ್ತಿಕೊಂಡ. ತಿರುಗಿಸಿ ನೋಡಿದ, ಉಬ್ಬಿದ ಹೊಲಿಗೆಯ ಮೇಲೆ ಬೆರಳಾಡಿಸಿದ. ಒಂದೊಂದು ಚೆಂಡು ಎಷ್ಟು ಸುತ್ತು ತಿರುಗುತ್ತದೆ ಎಂದು ಬಾಯಿಪಾಠ ಹೇಳುವವನು ನಾಲ್ಕು ವರ್ಷದಲ್ಲಿ ಒಂದನ್ನೂ ಕೈಯಲ್ಲಿ ಹಿಡಿದಿರಲಿಲ್ಲ. ಮುದುಕರ ಕಡೆ ಎಸೆದ. ಅರ್ಧಕ್ಕೇ ಬಿತ್ತು. ಅವರಲ್ಲೊಬ್ಬರು ನಡೆದು ಬಂದು, ಟೊಪ್ಪಿ ತೆಗೆದು ವಂದಿಸಿ, ಚೆಂಡು ಎತ್ತಿಕೊಂಡು ಹೋದರು.

ಅವನು ಕೂತ. ಬಯಲು ನೋಡುತ್ತಲೇ ಕೇಳಿದ: "ಅವ್ವಿ ನನ್ನ ಕೇಳಿದ್ಲಾ?"

ಆ ಪ್ರಶ್ನೆ ಬರುತ್ತದೆಂದು ನನಗೆ ಗೊತ್ತಿತ್ತು.

"ಕೇಳಿದ್ಲು. ಗಜು ಬಂದ್ನಾ, ಗಜು ಬಂದ್ನಾ ಅಂತ. ಮುಂಬೈಗೆ ಬಂದು ಮುಟ್ಟಿದ್ದ, ಬೆಳಗಾದ್ರೆ ಇಲ್ಲಿರ್ತ ಅಂದೆ. ಮುಂಬೈ ಎಂತಕೆ ಅಂದೆನೋ ಗೊತ್ತಿಲ್ಲ. ಹತ್ತಿರ ಅನ್ಸಲಿ ಅಂತ."

"ನಂಬಿದ್ಲಾ?"

"ಮೀನು ಸಾರು ಮಾಡಿಡು ಅಂದ್ಲು."

ಅವನು ಎರಡೂ ಕೈಯನ್ನು ತೊಡೆಯ ನಡುವೆ ಒತ್ತಿ ಹಿಡಿದುಕೊಂಡ. ಮುದುಕರಲ್ಲಿ ಯಾರೋ ಚೆನ್ನಾಗಿ ಹೊಡೆದರು, ಚಪ್ಪಾಳೆಯಾಯಿತು. ಅದು ಮುಗಿದ ಮೇಲೆ ಗಜು ಹೇಳಿದ:

"ಬೆಳಗಿಗೆ ನೀ ಫೋನ್ ಮಾಡಿದ್ಯಲ್ಲ, ಹೋದ್ಲು ಅಂತ. ಅವಾಗ ಇಲ್ಲಿ ಹತ್ತು ಗಂಟೆ. ಏಳನೇ ಇನ್ನಿಂಗ್ಸ್ ನಡೀತಿತ್ತು. ನೀ ಅಳ್ತಿದ್ಯಲ್ಲ, ನಾ ಪರದೆ ನೋಡ್ತಿದ್ದೆ. ರಜೆ ಕೊಡ್ಲಿಲ್ಲ ಅಕ್ಕಾ ಅಂತ ಹೇಳಿ, ಫೋನ್ ಇಟ್ಟು, ಮತ್ತೆ ನೋಡ್ದೆ." ಬಯಲಿನಿಂದ ಕಣ್ಣು ತೆಗೆಯದೆ, "ಅವತ್ತು ಗೆದ್ದೆ" ಎಂದ. "ಇಡೀ ಹತ್ತು ದಿನದಾಗೆ ಅದೊಂದೇ ದೊಡ್ಡದು ಗೆದ್ದದ್ದು. ಖುಷಿ ಆಗಿತ್ತು ಅಕ್ಕಾ. ನಿಜ ಹೇಳ್ತೆ, ಖುಷಿ ಆಗಿತ್ತು."

ನಾನು ಅವನ ಬೆನ್ನ ಮೇಲೆ ಕೈ ಇಡಲಿಲ್ಲ. ಇಡಬೇಕಿತ್ತು ಎಂದು ಈಗ ಅನಿಸುತ್ತದೆ. ಆಗ ನನ್ನ ಕೈ ಏಳಲಿಲ್ಲ. ಆಟ ಮುಗಿಯುವವರೆಗೂ ಇಬ್ಬರೂ ಕೂತಿದ್ದೆವು. ಯಾರು ಗೆದ್ದರೆಂದು ನಮಗಿಬ್ಬರಿಗೂ ಗೊತ್ತಾಗಲಿಲ್ಲ.

ಹೊರಡುವ ದಿನ

ಬಾ ಎಂದೆ. ಬರುವುದಿಲ್ಲ ಎಂದ. ಶಿರಾಲಿಯ ಮನೆಯ ಬಾಗಿಲು ಹೊಗಲು ಆಗುವುದಿಲ್ಲ ಎಂದ. ಜೂನಿನಲ್ಲಿ ಅವ್ವಿಯ ವರ್ಷದ ಕಾರ್ಯವಿದೆ, ಅದಕ್ಕಾದರೂ ಬಾ ಎಂದೆ. ತಲೆ ಅಲ್ಲಾಡಿಸಿದ. ಹೌದು ಎಂದೋ ಇಲ್ಲ ಎಂದೋ ತಿಳಿಯಲಿಲ್ಲ. ಆಟ ಬಿಡು ಎಂದು ಹೇಳಲು ಬಾಯಿ ತೆಗೆದೆ. ಹಾಗೆ ಹೇಳಿದ ತಕ್ಷಣ ಬಿಡುವಂತಿದ್ದರೆ ಅವ್ವಿಗೆ ಕಾಯಿಲೆ ಜೋರಾದ ದಿನವೇ ಬಿಡುತ್ತಿದ್ದ. ಆ ಊರಿನ ಸರಕಾರಿ ಆಸ್ಪತ್ರೆಯಲ್ಲಿ ಇಂಥವರ ಜೊತೆ ಮಾತಾಡುವ ವೈದ್ಯರಿದ್ದಾರೆಂದು ಮನೆಯ ಅಜ್ಜಿಯಿಂದ ಕೇಳಿ ತಿಳಿದು, ವಿಳಾಸವನ್ನು ಚೀಟಿಯಲ್ಲಿ ಬರೆಸಿ ಅವನ ಕೈಗೆ ಕೊಟ್ಟೆ. ಓದಿದ, ಜೇಬಿಗೆ ಹಾಕಿಕೊಂಡ.

ರೈಲು ಬಂತು. ಅಲ್ಲಿ ಬೀಳ್ಕೊಡಲು ಬಂದವರು ರೈಲು ಮರೆಯಾಗುವ ತನಕ ತಲೆ ಬಗ್ಗಿಸಿಕೊಂಡೇ ನಿಂತಿರುತ್ತಾರೆ. ಗಜುವೂ ಹಾಗೇ ನಿಂತ. ಹಾಗಾಗಿ ಕೊನೆಗೆ ಅವನ ಮುಖ ನನಗೆ ಕಾಣಲೇ ಇಲ್ಲ.

ಶಿರಾಲಿ

ವರ್ಷದ ಕಾರ್ಯಕ್ಕೆ ಅವನು ಬರಲಿಲ್ಲ. ಮಳೆ ಬಿಟ್ಟು ಬಿಟ್ಟು ಹೊಯ್ಯುತ್ತಿತ್ತು. ಬೆಳಿಗ್ಗೆ ಎಂಟೂವರೆಗೆ, ಭಟ್ಟರಿಗಾಗಿ ಕಾಯುತ್ತ ನಾನು ಬಾಳೆಲೆ ಒರೆಸುತ್ತಿದ್ದಾಗ ಅವನ ಫೋನು ಬಂತು. ಅಲ್ಲಿ ಮಧ್ಯಾಹ್ನದ ಊಟದ ಬಿಡುವು.

"ಅಕ್ಕಾ, ಯಮಾದಾ ಅವರಿಗೆ ಹೇಳ್ದೆ."

"ಎಂತ ಹೇಳ್ದೆ?"

"ಎಲ್ಲಾ. ನಾ ಹೋಗ್ಲೇ ಇಲ್ಲ ಅಂತ. ಆ ಹತ್ತು ದಿನ ಎಲ್ಲಿದ್ದೆ ಅಂತ. ಇವತ್ತು ವರ್ಷದ ಕಾರ್ಯ ಅಂತ."

ಕೆಲಸ ಹೋಯಿತು ಎಂದುಕೊಂಡೆ. "ಅವರೆಂತ ಅಂದ್ರು?"

"ಎಂತದೂ ಅನ್ಲಿಲ್ಲ. ಹೋಗಿ ಧೂಪ ತೆಗ್ದ್ರು. ಹಚ್ಚೂಕೆ ಮುಂಚೆ, ನಿಮ್ಮ ತಾಯಿ ಹೆಸ್ರೆಂತ ಅಂತ ಕೇಳಿದ್ರು. ಹೋದ ಸಲ ಕೇಳಿರ್ಲಿಲ್ಲ, ತಪ್ಪಾತು ಅಂದ್ರು."

"ಹೇಳಿದ್ಯಾ?"

"ನಾಗವೇಣಿ ಅಂದೆ. ಅವರಿಗೆ ಹೇಳೂಕೆ ಬರ್ಲಿಲ್ಲ. ನಾಗಾಬೇನಿ, ನಾಗಾಬೇನಿ ಅಂತ ಎರಡು ಮೂರು ಸಲ ಹೇಳಿ ನೋಡಿದ್ರು. ಸರಿ ಬರೂ ತನಕ ಬಿಡ್ಲಿಲ್ಲ ಅಕ್ಕಾ."

ಅಲ್ಲಿಗೆ ಅವನ ಮಾತು ನಿಂತಿತು. ಆಚೆ ಕಾರ್ಖಾನೆಯ ನೀರಿನ ಸದ್ದು ಕೇಳುತ್ತಿತ್ತು, ಅದರ ನಡುವೆ ಅವನು ಅಳುವುದು ಕೇಳಿಸುತ್ತಿತ್ತು. ಅವ್ವಿ ಹೋದ ಮೇಲೆ ಅವನು ಅತ್ತದ್ದನ್ನು ನಾನು ಕೇಳಿದ್ದು ಅದೇ ಮೊದಲು. ಆಟ ಬಿಟ್ಟೆಯಾ ಎಂದು ಕೇಳಲಿಲ್ಲ. ಭಟ್ಟರು ಅಂಗಳಕ್ಕೆ ಬಂದು ಕೊಡೆ ಮಡಚುತ್ತಿದ್ದರು. ನಾನು ಫೋನು ಕಿವಿಯಿಂದ ತೆಗೆಯದೆ, ಬಾಳೆಲೆ ಹಿಡಿದುಕೊಂಡೇ, ಅವನು ಅತ್ತು ಮುಗಿಸುವ ತನಕ ನಿಂತಿದ್ದೆ.